ನೀರು ಬರುತ್ತಾ ಅಂತಲ್ಲ, ಯಾವಾಗ ಬರುತ್ತೆ ಅಂತ ಕೇಳಿ: ಶಿವಮೊಗ್ಗದ ಒಂದು ಗಲ್ಲಿಯ ಸರ್ವೆಗೆ ಸಲಹೆ ಬೇಕು

ತುಂಗಾದಂಡೆ
ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಡಿಗ್ರಿ ಮಕ್ಕಳ ಪ್ರಾಜೆಕ್ಟ್ ಅಂದರೆ ಗೊತ್ತಲ್ಲ, ಸೀನಿಯರ್‌ಗಳ ಹಳೇ ವರದಿ ನಕಲು ಮಾಡಿ ಸ್ಪೈರಲ್ ಬೈಂಡ್ ಹಾಕಿಸುವುದು. ಈ ಸಲ ಅದು ಬೇಡ ಅನ್ನಿಸಿತು. ಹೊಳೆ ಪಕ್ಕದ ಒಂದು ತಗ್ಗಿನ ಗಲ್ಲಿಗೆ ಎಂಟು ಮಕ್ಕಳನ್ನು ಕರೆದುಕೊಂಡು ಹೋದೆ. ಕೈಯಲ್ಲಿ ಎರಡು ಪುಟದ ಪ್ರಶ್ನೆಪಟ್ಟಿ. ನೀರು, ಚರಂಡಿ, ಕೆಲಸ, ಶಾಲೆ, ಎಲ್ಲಕ್ಕೂ ಒಂದೊಂದು ಕಾಲಂ.

ಮೊದಲ ಪ್ರಶ್ನೆ, "ನಿಮಗೆ ನಲ್ಲಿ ನೀರು ಬರುತ್ತದೆಯೇ?" ಎಲ್ಲರೂ ಬರುತ್ತೆ ಅಂದರು. ಮಕ್ಕಳು ಟಿಕ್ ಹಾಕುತ್ತಾ ಹೋದರು. ಹತ್ತನೇ ಮನೆಯೋ ಹನ್ನೊಂದನೆಯದೋ ಇರಬೇಕು. ಅಲ್ಲಿದ್ದ ಅಮ್ಮ ಹಾಳೆ ಇಸಿದುಕೊಂಡು, ಮಗನ ಹತ್ತಿರ ಓದಿಸಿ, "ಇದೇನಮ್ಮ, ಬರುತ್ತಾ ಅಂತ ಕೇಳ್ತೀರಲ್ಲ, ಯಾವಾಗ ಬರುತ್ತೆ ಅಂತ ಕೇಳಬಾರದಾ?" ಅಂದರು.

ಅಲ್ಲಿ ನೀರು ಬಿಡುವುದು ಸರಿಯಾಗಿ ಅವರು ಮನೆಗೆಲಸಕ್ಕೆ ಹೊರಡುವ ಹೊತ್ತಿಗೆ. ನಾಲ್ಕು ಮನೆಗೆ ಸೇರಿ ಒಂದು ನಲ್ಲಿ. ತುಂಬಿಸಿಕೊಂಡು ಹೊರಟರೆ ಕೆಲಸದ ಮನೆಯಲ್ಲಿ ಮಾತು ಕೇಳಬೇಕು. ಹಾಗಾಗಿ ಮಗಳನ್ನು ಕೊಡದ ಸಾಲಿನಲ್ಲಿ ನಿಲ್ಲಿಸಿ ಹೋಗುತ್ತಾರೆ. ಅವಳಿಗೆ ಶಾಲೆಯಲ್ಲಿ ಮೊದಲ ಪಿರಿಯಡ್ ಹೋಗುತ್ತದೆ. ಮೊದಲ ಪಿರಿಯಡ್ ಗಣಿತವಂತೆ.

ನಮ್ಮ ಹಾಳೆಯಲ್ಲಿ ಇದು ನೀರಿನ ಕಾಲಂ, ಕೆಲಸದ ಕಾಲಂ, ಶಾಲೆಯ ಕಾಲಂ. ಅವರ ಮನೆಯಲ್ಲಿ ಒಂದೇ ಕೊಡ.

ಅವತ್ತೇ ಹಾಳೆ ಎಲ್ಲ ಮಡಚಿ ಬ್ಯಾಗಿಗೆ ಹಾಕಿದೆ. ಇನ್ನೊಂದು ಸಲ ಸರಿಯಾಗಿ ಮಾಡಬೇಕು ಅಂತಿದ್ದೇನೆ. ಅದೇ ಊರು, ಅದೇ ತುಂಗೆ. ಅರ್ಧ ಕಿಲೋಮೀಟರ್ ಆಚೆ ಸಂಪು ತುಂಬಿ ರಸ್ತೆಗೆ ಹರಿಯುತ್ತದೆ, ಇಲ್ಲಿ ಹುಡುಗಿ ಗಣಿತ ಬಿಟ್ಟು ನಿಲ್ಲುತ್ತಾಳೆ. ಇದನ್ನು ಅಧಿಕಾರಿಗಳ ಮುಂದೆ ಇಡುವ ಹಾಗೆ ಬರೆಯುವುದು ಹೇಗೆ? ಏನು ಕೇಳಬೇಕು, ಏನು ಕೇಳಬಾರದು? ಅನುಭವ ಇದ್ದವರು ಹೇಳಿ.


ಮಂಡಕ್ಕಿ_ಮಸಾಲೆ
ಭಾನುವಾರ, ರಾತ್ರಿ 10.15

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಇನ್ನೊಂದು ಸರ್ವೆನಾ? 2025ರ ಜಾತಿ ಸಮೀಕ್ಷೆಗೆ ಮೊದಲು ಕರೆಂಟ್ ಮೀಟರ್ ನೋಡುವವರು ಬಂದು ಬಾಗಿಲಿಗೆ ಸ್ಟಿಕರ್ ಅಂಟಿಸಿದರು. ಆಮೇಲೆ ಮೇಷ್ಟ್ರು ಬಂದು 60 ಪ್ರಶ್ನೆ ಕೇಳಿದರು. ನಡುವೆ ಡೆಂಗಿ ಲಾರ್ವಾ ನೋಡುವವರು, ನೀರಿನ ಮೀಟರಿನವರು, ಯಾವುದೋ ಕಾಲೇಜಿನ ಹುಡುಗರು. ಎಲ್ಲರೂ ಫೋನ್ ನಂಬರ್ ಬರೆದುಕೊಂಡರು. ಇವತ್ತಿನ ತನಕ ಆ ನಂಬರಿಗೆ ಫೋನ್ ಬಂದಿರುವುದು ಸಾಲ ಬೇಕಾ ಅಂತ ಕೇಳೋಕೆ ಮಾತ್ರ.

ನಮ್ಮ ಅಜ್ಜಿ ಈಗ ಪೆನ್ನು ಹಿಡಿದವರನ್ನು ಕಂಡರೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ. ಕೇಳಿಕೊಂಡು ಹೋದವರು ಒಬ್ಬರಾದರೂ ತಿರುಗಿ ಬಂದು "ಅಜ್ಜಿ, ನೀವು ಹೇಳಿದ್ದರಿಂದ ಇಂಥದ್ದು ಗೊತ್ತಾಯಿತು" ಅಂದಿದ್ದಾರಾ? ಇಲ್ಲ. ನೀವು ತಿರುಗಿ ಹೋಗುತ್ತೀರಾ ಅನ್ನೋದು ಮೊದಲು ಹೇಳಿ.


ತುಂಗಾದಂಡೆ
ಭಾನುವಾರ, ರಾತ್ರಿ 10.32

ನಿಮ್ಮ ಅಜ್ಜಿ ಮಾಡುವುದು ಸರಿಯಾಗಿದೆ. ತಿರುಗಿ ಹೋಗುತ್ತೇನೆ. ಹೋಗದಿದ್ದರೆ ಈ ಎಳೆಗೇ ಬಂದು ಬಯ್ಯಿರಿ.


ಮಲೆನಾಡ_ಮಾಸ್ತರು
ಸೋಮವಾರ, ಬೆಳಿಗ್ಗೆ 6.05

ಇಷ್ಟೊಂದು ಸರ್ವೆ ಆದರೂ ಆ ಗಲ್ಲಿ ಯಾಕೆ ಕಾಣುವುದಿಲ್ಲ ಅನ್ನುವುದು ನೋಡೋಣ. 2011ರ ಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3,22,650. ಪಾಲಿಕೆಗೆ 35 ವಾರ್ಡು. ಭಾಗಿಸಿದರೆ ವಾರ್ಡಿಗೆ ಒಂಬತ್ತು ಸಾವಿರದ ಮೇಲಾಯಿತು. ಒಂದೇ ವಾರ್ಡಿನಲ್ಲಿ ಡಾಕ್ಟರ ಮನೆಯೂ ಇದೆ, ತಗಡಿನ ಮನೆಯೂ ಇದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಎಲ್ಲರಿಗೂ ಅರ್ಧ ಕಾರು. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋದ ಮೇಲೆ ಕಾಗದಗಳಲ್ಲಿ ಓಡಾಡುತ್ತಿರುವುದು ಅದೇ 2011ರ ಅಂಕಿ. ಆಗ ಹುಟ್ಟಿದ ಮಗು ಈಗ ಹೈಸ್ಕೂಲಿನಲ್ಲಿದೆ.

ಇನ್ನೊಂದು ವಿಷಯ ಕೇಳಿ. ಅದೇ ಗಣತಿ ಕೊಳಗೇರಿ ಅಂತ ಗುರುತಿಸಲು ಒಂದು ಗೆರೆ ಹಾಕಿತ್ತು. ಸರ್ಕಾರ ಮೊದಲೇ ಘೋಷಿಸಿದ ಜಾಗ ಅಲ್ಲದಿದ್ದರೆ ಅಲ್ಲಿ ಕನಿಷ್ಠ 300 ಜನ ಇರಬೇಕು, ಅಥವಾ 60ರಿಂದ 70 ಮನೆ ಒತ್ತೊತ್ತಾಗಿ ಇರಬೇಕು. ಇಪ್ಪತ್ತೈದು ಮನೆಯ ಗಲ್ಲಿ ಎಷ್ಟೇ ಬಡವಾಗಿದ್ದರೂ ಆ ಪಟ್ಟಿಗೆ ಬರುವುದೇ ಇಲ್ಲ. ಘೋಷಣೆ ಮಾಡಲು 1973ರ ಕೊಳಚೆ ಪ್ರದೇಶಗಳ ಕಾಯ್ದೆ ಇದೆ. ಹಕ್ಕುಪತ್ರ, ಮನೆ ಯೋಜನೆ ಎಲ್ಲ ಆ ಘೋಷಣೆಯ ಬೆನ್ನು ಹಿಡಿದು ಬರುತ್ತವೆ. ಬಡತನಕ್ಕೂ ಕನಿಷ್ಠ ಹಾಜರಾತಿ ಬೇಕು ಅಂದ ಹಾಗಾಯಿತು.

ಹಾಗಾಗಿ ನೀವು ವಾರ್ಡ್ ಹಿಡಿಯಬೇಡಿ, ಗಲ್ಲಿ ಹಿಡಿಯಿರಿ. ಮಾದರಿ ಗೀದರಿ ಬೇಡ, ಇದ್ದಷ್ಟೂ ಮನೆಗೆ ಹೋಗಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಮಾಜಶಾಸ್ತ್ರಜ್ಞ ಡಬ್ಲ್ಯೂ.ಇ.ಬಿ. ಡು ಬೋಯ್ಸ್ 1896ರಲ್ಲಿ ಕಪ್ಪು ಜನರಿದ್ದ ಏಳನೇ ವಾರ್ಡಿಗೇ ಹೋಗಿ ಬಾಡಿಗೆಗೆ ಇದ್ದು, ಮನೆಮನೆ ತಿರುಗಿ ಬರೆದುಕೊಂಡರು. ಆ ಜನರೇ ಕೆಟ್ಟವರು ಅನ್ನುತ್ತಿದ್ದವರಿಗೆ ಅವರ ಬಾಡಿಗೆ ಎಷ್ಟು, ಯಾವ ಕೆಲಸಕ್ಕೆ ಅವರನ್ನು ಸೇರಿಸಿಕೊಳ್ಳುವುದಿಲ್ಲ ಅನ್ನುವುದನ್ನೇ ಎದುರಿಗೆ ಇಟ್ಟರು. ಅವರಿಗೂ ಅಲ್ಲಿನವರು ಮೊದಮೊದಲು ಬಾಗಿಲು ಸುಲಭವಾಗಿ ತೆಗೆಯಲಿಲ್ಲ. ಮಂಡಕ್ಕಿಯವರ ಅಜ್ಜಿಯಂಥವರು ಎಲ್ಲ ಊರಲ್ಲೂ ಇರುತ್ತಾರೆ.


ಗಾಜನೂರು_ಗೇಟು
ಸೋಮವಾರ, ಬೆಳಿಗ್ಗೆ 8.50

ನೀರಿನ ಕೆಲಸದಲ್ಲೇ ತಲೆ ಬೆಳ್ಳಗಾಗಿ ರಿಟೈರ್ ಆದವನು ನಾನು. ಮೇಡಂ, ನಿಮ್ಮ ಆ ಅಮ್ಮ ಹೇಳಿದ್ದರಲ್ಲಿ ಒಂದು ಪಾಠವೇ ಇದೆ. ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ.

ಕೇಂದ್ರದ 1999ರ ನೀರು ಸರಬರಾಜು ಕೈಪಿಡಿ ಪ್ರಕಾರ ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್. ಅದೇ ಕೈಪಿಡಿಯಲ್ಲಿ ಬೀದಿ ನಲ್ಲಿಯಿಂದ ಹಿಡಿಯುವವರಿಗೆ 40 ಲೀಟರ್. ನಕ್ಷೆ ಹಾಕುವ ಮೇಜಿನ ಮೇಲೇ ಅವರ ಪಾಲು ಮೂರನೇ ಒಂದಕ್ಕಿಂತ ಕಡಿಮೆ. ನಾನೂ ಆ ಅಂಕಿ ಹಾಕಿಯೇ ಎಸ್ಟಿಮೇಟ್ ಬರೆದವನು. ಆಗ ಏನೂ ಅನ್ನಿಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಈಗ ಲೀಟರ್ ಬಿಟ್ಟು ಕೊಡಕ್ಕೆ ಬನ್ನಿ. ಒಂದು ಪ್ಲಾಸ್ಟಿಕ್ ಕೊಡ ಸುಮಾರು 15 ಲೀಟರ್. ಐದು ಜನರ ಮನೆಗೆ 135ರ ಲೆಕ್ಕದಲ್ಲಿ 675 ಲೀಟರ್, ಅಂದರೆ 45 ಕೊಡ. 40ರ ಲೆಕ್ಕದಲ್ಲಿ 200 ಲೀಟರ್, 13 ಕೊಡ ಮತ್ತೆ ಐದು ಲೀಟರ್. ಕೊಡ ತುಂಬಲು ಮೂರು ನಿಮಿಷ ಅಂತ ಇಟ್ಟುಕೊಳ್ಳಿ. ನಾಲ್ಕು ಮನೆಯವರೂ 45 ಕೊಡ ಹಿಡಿಯಬೇಕಂದರೆ ಆ ನಲ್ಲಿ ಒಂಬತ್ತು ಗಂಟೆ ನಿಲ್ಲದೆ ಹರಿಯಬೇಕು. ಬರೀ 13 ಕೊಡ ಸಾಕು ಅಂದರೂ ಎರಡೂವರೆ ಗಂಟೆಯ ಮೇಲೆ. ಅಲ್ಲಿ ನೀರು ಬಿಡುವುದು ಎಷ್ಟು ಹೊತ್ತು?

ಇದನ್ನು ಅಳೆಯಲು ಮಿಷನ್ ಬೇಡ. ಒಂದು ಕೊಡ, ಒಂದು ಮೊಬೈಲು. ನೀರು ಬಂದ ಹೊತ್ತು, ನಿಂತ ಹೊತ್ತು, ಕೊಡ ತುಂಬಿದ ನಿಮಿಷ, ಮನೆಗೆ ಎಷ್ಟು ಕೊಡ ಸಿಕ್ಕಿತು, ಯಾರು ಹೊತ್ತರು. ಎರಡು ವಾರ ಬರೆಯಿರಿ. "ನೀರಿನ ಕೊರತೆ ಇದೆ" ಅಂತ ಅರ್ಜಿ ಕೊಟ್ಟರೆ ಯಾವ ಇಂಜಿನಿಯರೂ ತಲೆ ಎತ್ತುವುದಿಲ್ಲ. "ನಲ್ಲಿಯಲ್ಲಿ ನಿಮಿಷಕ್ಕೆ ಇಷ್ಟು ಲೀಟರ್, ಇಷ್ಟು ನಿಮಿಷ, ಇಷ್ಟು ತಲೆ" ಅಂತ ಬರೆದರೆ ಅವನಿಗೆ ಅದು ತನ್ನದೇ ಭಾಷೆ.

ಇನ್ನೊಂದು ಗುಟ್ಟು. ಮೊದಲು ವಾಲ್ವ್ ತಿರುಗಿಸುವವನನ್ನು ಹುಡುಕಿ ಒಂದು ಟೀ ಕುಡಿಸಿ. ಯಾವ ಗಲ್ಲಿಗೆ ಎಷ್ಟು ಹೊತ್ತು, ಯಾಕೆ ಅಷ್ಟೇ, ಯಾರ ಫೋನ್ ಬಂದರೆ ಜಾಸ್ತಿ ಬಿಡಬೇಕು, ಎಲ್ಲ ಅವನ ತಲೆಯಲ್ಲಿದೆ. ಅವನನ್ನು ಬೈಯಲು ಹೋಗಬೇಡಿ, ಅವನ ಮೇಲೂ ನಾಲ್ಕು ಜನ ಇದ್ದಾರೆ.


ಗುಲಾಬಿ_ಸೀರೆ
ಸೋಮವಾರ, ಮಧ್ಯಾಹ್ನ 2.20

ನಾನು ಆಶಾ ಕೆಲಸ ಮಾಡುತ್ತೇನೆ. ಗೇಟು ಸರ್ ಎಷ್ಟು ಅಂತ ಹೇಳಿದರು, ನಾನು ಎಂಥದು ಅಂತ ಹೇಳುತ್ತೇನೆ. "ಗಂಗಾ ಸ್ನಾನ, ತುಂಗಾ ಪಾನ" ಅಂತ ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ. ಹೊಳೆಯಲ್ಲಿ ಇದ್ದಾಗಿನ ಮಾತು ಅದು. ಚರಂಡಿ ಪಕ್ಕದಲ್ಲೇ ಬಂದ ಪೈಪು ಒಡೆದಿದ್ದರೆ, ನೀರು ನಿಂತ ಹೊತ್ತಿನಲ್ಲಿ ಹೊರಗಿನ ಕೊಳೆ ಒಳಗೆ ಎಳೆದುಕೊಳ್ಳುತ್ತದೆ. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬರುವ ಕಡೆ ಈ ಕಾಟ ಜಾಸ್ತಿ.

ನೀರು ಪರೀಕ್ಷೆ ಮಾಡಲು ಎಚ್‌2ಎಸ್ ಸೀಸೆ ಅಂತ ಬರುತ್ತದೆ, ಬೆಲೆ ಜಾಸ್ತಿ ಇಲ್ಲ. ಗುರುತಿನ ತನಕ ನೀರು ಹಾಕಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡುವುದು. ಮಲ ಸೇರಿದ ನೀರಾದರೆ ಕಪ್ಪಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಬೆಚ್ಚಗಿನ ಜಾಗವೇ ಇರಲ್ಲ, ನಾನು ಅಡುಗೆಮನೆಯಲ್ಲಿ ಒಲೆಯಿಂದ ಸ್ವಲ್ಪ ದೂರದ ಗೂಡಿನಲ್ಲಿಡುತ್ತೇನೆ. ಒಮ್ಮೆ ಒಂದು ಮನೆಯ ನೀರು ಇಟ್ಟಿದ್ದೆ. ನೋಡಲು ಸ್ಫಟಿಕದ ಹಾಗಿತ್ತು. ಮಾರನೇ ದಿನ ಸೀಸೆ ಕಾಡಿಗೆ ಬಣ್ಣ. ಆ ಮನೆಯ ಸೊಸೆ ಸೀಸೆ ಕೈಯಲ್ಲಿ ಹಿಡಿದು ಸುಮಾರು ಹೊತ್ತು ಮಾತೇ ಆಡಲಿಲ್ಲ. ಕಾಯಿಸಿ ಕುಡಿಯಿರಿ ಅಂತ ಎರಡು ವರ್ಷದಿಂದ ಹೇಳುತ್ತಿದ್ದೆ. ಅವತ್ತಿನಿಂದ ಕಾಯಿಸುತ್ತಾರೆ.

ಕಪ್ಪಾಯಿತು ಅಂದ ಕೂಡಲೇ ಪೇಪರಿಗೆ ಹಾಕಬೇಡಿ. ಇದು ಅನುಮಾನ ಹೇಳುವ ಪರೀಕ್ಷೆ. ಲ್ಯಾಬಿಗೆ ಕೊಟ್ಟು ಖಾತ್ರಿ ಮಾಡಿಕೊಳ್ಳಬೇಕು. ಕುಡಿಯುವ ನೀರಿನ ಮಾನದಂಡದಲ್ಲಿ 100 ಮಿಲಿ ನೀರಿನಲ್ಲಿ ಇ-ಕೊಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಇರಬಾರದು.

ಆಮೇಲೆ, ಕೇಳುವ ಹೊತ್ತು ನೋಡಿಕೊಳ್ಳಿ. ಮಧ್ಯಾಹ್ನ ಹೋದರೆ ಮನೆಯಲ್ಲಿ ಅತ್ತೆ ಇರುತ್ತಾರೆ. ಅತ್ತೆ ಹೇಳುವ ನೀರಿನ ಲೆಕ್ಕ ಬೇರೆ, ಹೊರುವ ಸೊಸೆ ಹೇಳುವ ಲೆಕ್ಕ ಬೇರೆ.


ಸೊಪ್ಪಿನಮ್ಮನ_ಮಗಳು
ಸೋಮವಾರ, ಸಂಜೆ 7.10

ಹೊತ್ತಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮಮ್ಮ ಗಾಂಧಿ ಬಜಾರ್ ಹತ್ತಿರ ಸೊಪ್ಪು ಮಾರುತ್ತಾರೆ. ಬೆಳಗಿನ ಜಾವ ಕೂತರೆ ಎಂಟೂವರೆಗೆ ಗೋಣಿ ಕೊಡವಿಕೊಂಡು ಮನೆಗೆ. ಬೀದಿ ವ್ಯಾಪಾರಿಗಳ ಸರ್ವೆ ಅಂತ ಬಂದವರು ಹನ್ನೊಂದು ಗಂಟೆಗೆ ಬಂದರಂತೆ. ಆ ಹೊತ್ತಿಗೆ ಅಮ್ಮ ಕೂರುವ ಜಾಗದಲ್ಲಿ ಯಾರದೋ ಬೈಕ್ ನಿಂತಿರುತ್ತೆ. ಅವರ ಪಟ್ಟಿಯಲ್ಲಿ ಅಲ್ಲಿ ಯಾರೂ ಇಲ್ಲ. ಮೂವತ್ತು ವರ್ಷದಿಂದ ಅಲ್ಲೇ ಕೂತಿದ್ದಾರೆ ನಮ್ಮಮ್ಮ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿದ್ದೇನೆ, ಬಿಕಾಂ ಓದುವಾಗ ಕುತೂಹಲಕ್ಕೆ. ಐದು ವರ್ಷಕ್ಕೊಮ್ಮೆಯಾದರೂ ಸರ್ವೆ ಆಗಬೇಕು. ಸರ್ವೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಕಾನೂನು ಚೆನ್ನಾಗೇ ಇದೆ. ಆದರೆ ಪಟ್ಟಿಯಲ್ಲಿ ಹೆಸರು ಇದ್ದರೆ ತಾನೇ? 2020ರಲ್ಲಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲ ಬಂತು. ಹೆಸರಿದ್ದವರು ತಗೊಂಡರು. ಅಮ್ಮ ಮೀಟರ್ ಬಡ್ಡಿಯಲ್ಲೇ ಉಳಿದರು.

ಆಮೇಲೆ ನಾನೇ ಒಂದು ವಾರ ಬೆಳಿಗ್ಗೆ ಐದಕ್ಕೆ, ಎಂಟಕ್ಕೆ, ಹನ್ನೊಂದಕ್ಕೆ, ಸಂಜೆ ಆರಕ್ಕೆ ಹೋಗಿ ಆ ಒಂದೇ ಬೀದಿ ಎಣಿಸಿದೆ. ನಾಲ್ಕು ಹೊತ್ತಿಗೆ ನಾಲ್ಕು ಬೇರೆ ಬಜಾರು, ಗೊತ್ತಾ! ಐದು ಗಂಟೆಯವರೆಲ್ಲ ಹೆಚ್ಚುಕಡಿಮೆ ಹೆಂಗಸರು. ಹನ್ನೊಂದು ಗಂಟೆಯವರು ತಳ್ಳುಗಾಡಿ ಇರುವ ಗಂಡಸರು. ಪಟ್ಟಿ ಮಾಡಿದವರು ಬೇಕಂತ ಬಿಟ್ಟಿದ್ದಲ್ಲ, ಆಫೀಸ್ ಟೈಮಿಗೆ ಬಂದರು ಅಷ್ಟೆ. ನನ್ನ ಪುಸ್ತಕ ನೋಡಿ ಒಬ್ಬ ಅಧಿಕಾರಿ "ಇದನ್ನು ಯಾರು ಮಾಡಿಸಿದ್ದು?" ಅಂತ ಕೇಳಿದರು. ಯಾರೂ ಇಲ್ಲ ಸರ್, ನಮ್ಮಮ್ಮ ಅಂದೆ. ಅರ್ಜಿ ತಗೊಂಡಿದ್ದಾರೆ. ಕೆಲಸ ಆದರೆ ಇಲ್ಲೇ ಬರೆಯುತ್ತೇನೆ.


ಮಂಡಕ್ಕಿ_ಮಸಾಲೆ
ಸೋಮವಾರ, ಸಂಜೆ 7.31

ನಾನು ಬೆಳಿಗ್ಗೆ ಬೈಕ್ ನಿಲ್ಲಿಸುವುದು ಆ ಬೀದಿಯಲ್ಲೇ ಅಂತ ಈಗ ಅನುಮಾನ ಬರುತ್ತಿದೆ. ಅಕ್ಕ, ಅದು ನನ್ನ ಬೈಕ್ ಆಗಿರದಿದ್ದರೆ ಸಾಕು.


ತೀರ್ಥಹಳ್ಳಿ_ಬಸ್ಸು
ಸೋಮವಾರ, ರಾತ್ರಿ 9.00

ಸಣ್ಣ ಸೇರ್ಪಡೆ. ಬಸ್ ಚಾರ್ಜನ್ನೂ ಕೇಳಿ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು, ಆದರೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಓಡುವುದರಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಶಿವಮೊಗ್ಗದ ಸಿಟಿ ಬಸ್ಸೂ ಹಾಗೇ. ಕೆಂಪು ಬಸ್ಸು ಬರುವ ಬಡಾವಣೆಯ ಹೆಂಗಸು ಸೊನ್ನೆ ರೂಪಾಯಿಗೆ ಕೆಲಸಕ್ಕೆ ಹೋಗುತ್ತಾಳೆ. ಅದು ಬಾರದ ಕಡೆಯವಳು ಕೂಲಿಯಲ್ಲಿ ಮುರಿದುಕೊಂಡು ಟಿಕೆಟ್ ತಗೊಳ್ಳುತ್ತಾಳೆ. "ಶಕ್ತಿ ಸಿಕ್ಕಿದೆಯಾ" ಅಂತ ಕೇಳಿದರೆ ಇಬ್ಬರೂ ಹೂಂ ಅನ್ನುತ್ತಾರೆ. ಧರ್ಮಸ್ಥಳಕ್ಕೆ ಹೋಗಿಬಂದಿರುತ್ತಾರಲ್ಲ!


ಬಾಡಿಗೆ_ಮನೆ
ಸೋಮವಾರ, ರಾತ್ರಿ 11.25

ನಾನು ಹೊಲಿಗೆ ಮಾಡುತ್ತೇನೆ. 2019ರ ಆಗಸ್ಟಿನಲ್ಲಿ ಹೊಳೆ ಬಂತಲ್ಲ, ಕುಂಬಾರಗುಂಡಿ, ಸೀಗೆಹಟ್ಟಿ, ರಾಜೀವ್ ಗಾಂಧಿ ಬಡಾವಣೆ ಕಡೆ ಎಲ್ಲ ನುಗ್ಗಿತ್ತು. ಆಗ ನಾನು ಹೊಳೆ ಹತ್ತಿರ ಬಾಡಿಗೆಗೆ ಇದ್ದೆ. ರಾತ್ರಿ ನೀರು ಮಂಚದ ಕಾಲಿಗೆ ಬಂತು. ಮಗು ಎತ್ತಿಕೊಂಡು ಹೊರಟೆವು. ಹೊಲಿಗೆ ಮಿಷನ್ ಎತ್ತಲು ಆಗಲಿಲ್ಲ.

ಪಟ್ಟಿ ಬರೆಯಲು ಬಂದವರು "ಮನೆ ಯಾರದು" ಅಂತ ಕೇಳಿದರು. ಇದ್ದದ್ದು ಹೇಳಿದೆ, ಓನರ್ ಹೆಸರು. ಅದನ್ನೇ ಬರೆದುಕೊಂಡರು. ಆಗ ಸರ್ಕಾರ ತುರ್ತು ಪರಿಹಾರ 10,000, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಹೇಳಿತ್ತು. ಗೋಡೆ ಅವರದು, ಮಿಷನ್ ನನ್ನದು. ಮಿಷನ್ನಿಗೆ ಕಾಲಂ ಇರಲಿಲ್ಲ. ಅದರ ಮೋಟರಿನಲ್ಲಿ ಹೋದ ಕೆಸರು ತೆಗೆಯಲು ಬ್ರಷ್ ಹಿಡಿದು ನಾಲ್ಕು ದಿನ ಕೂತಿದ್ದೆ. ಕೊನೆಗೂ ಓಡಲಿಲ್ಲ.

"ಮನೆ ಯಾರದು" ಅಂತ ಕೇಳಬೇಡಿ ಮೇಡಂ. "ಇಲ್ಲಿ ಯಾರು ಮಲಗುತ್ತಾರೆ" ಅಂತ ಕೇಳಿ.


ಗಾಜನೂರು_ಗೇಟು
ಮಂಗಳವಾರ, ಬೆಳಿಗ್ಗೆ 7.15

ತಂಗಿ, ಓದಿ ಮನಸ್ಸಿಗೆ ಕಷ್ಟವಾಯಿತು.

ಹೊಳೆ ವಿಷಯಕ್ಕೆ ಒಂದು ಹೇಳಬೇಕು. ಗಾಜನೂರಿನ ತುಂಗಾ ಡ್ಯಾಂ ಚಿಕ್ಕದು, 3.24 ಟಿಎಂಸಿ. ಮುಂಗಾರು ಹಿಡಿದ ಕೂಡಲೇ ತುಂಬುತ್ತದೆ. ಆಮೇಲೆ ಮೇಲಿಂದ ಬಂದಷ್ಟೂ ಕೆಳಗೆ. ಅಲ್ಲಿಂದ ಶಿವಮೊಗ್ಗಕ್ಕೆ ದೂರವೂ ಕಡಿಮೆ, ಹಾಗಾಗಿ ಎಚ್ಚರಿಕೆಗೆ ಸಿಗುವ ಹೊತ್ತೂ ಕಡಿಮೆ. ಟಿವಿಯಲ್ಲಿ "ಇಷ್ಟು ಕ್ಯೂಸೆಕ್ ಬಿಡುಗಡೆ" ಅನ್ನುತ್ತಾರೆ. ಸೆಕೆಂಡಿಗೆ ಇಷ್ಟು ಘನ ಅಡಿ ಅಂತ ಅದರ ಅರ್ಥ. ಹೊಲಿಗೆ ಮಾಡುವವರಿಗೆ ಆ ಅಂಕಿಯಿಂದ ಏನು ಉಪಯೋಗ? ನನ್ನ ಮಂಚದ ಕಾಲಿಗೆ ಬರುತ್ತಾ ಇಲ್ವಾ ಅನ್ನುವುದು ಬೇಕು.

ಊರಿನ ಜನರ ಹತ್ತಿರ ಅಳತೆಗೋಲು ಇದೆ. ಕೋರ್ಪಲಯ್ಯ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ. ಮಂಟಪ ಮುಳುಗಿತಾ ಅಂತ ಕೇಳುತ್ತಾ ನಾವೆಲ್ಲ ದೊಡ್ಡವರಾದವರು. ಅದನ್ನೇ ಗಲ್ಲಿಗೆ ತನ್ನಿ. 2019ರಲ್ಲಿ ನೀರು ನಿಂತ ಗುರುತು ಕೆಲವು ಗೋಡೆಗಳಲ್ಲಿ ಇನ್ನೂ ಇರಬಹುದು, ಇಲ್ಲದಿದ್ದರೆ ಅಲ್ಲಿನವರು ಬೆರಳಿಟ್ಟು ತೋರಿಸುತ್ತಾರೆ. ಬಣ್ಣದಲ್ಲಿ ಗೆರೆ ಎಳೆಯಿರಿ. ಈ ಮಳೆಗಾಲದಿಂದ ದಿನಾ ಗಾಜನೂರಿನ ಕ್ಯೂಸೆಕ್ ಒಂದು ಕಾಲಂ, ಮಂಟಪ ಒಂದು ಕಾಲಂ, ಗಲ್ಲಿಯ ಮೆಟ್ಟಿಲು ಒಂದು ಕಾಲಂ. ಎರಡು ಮಳೆಗಾಲ ಬರೆದರೆ ಟಿವಿ ನೋಡಿದ ಕೂಡಲೇ ಮಿಷನ್ ಅಟ್ಟಕ್ಕೆ ಏರಿಸಬೇಕಾ ಬೇಡವಾ ಅಂತ ಅಲ್ಲಿನವರೇ ಹೇಳುತ್ತಾರೆ. ರಾಜಕಾಲುವೆ ಕಟ್ಟಿಕೊಂಡು ಹಿಂದಿನಿಂದ ಬರುವ ನೀರು ಬೇರೆ, ಹೊಳೆಯ ನೀರು ಬೇರೆ. ಅದನ್ನು ಬೇರೆ ಬೇರೆ ಬರೆಯಿರಿ, ಬಣ್ಣ ನೋಡಿದರೆ ಗೊತ್ತಾಗುತ್ತದೆ.


ಮಲೆನಾಡ_ಮಾಸ್ತರು
ಮಂಗಳವಾರ, ಬೆಳಿಗ್ಗೆ 7.50

ಗೇಟು ಅವರು ಹೇಳಿದ್ದಕ್ಕೆ ನಮ್ಮ ಜಿಲ್ಲೆಯದೇ ಸಾಕ್ಷಿ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಿಂದ ಹೊಸ ವೈರಸ್ ಒಂದು ಪತ್ತೆಯಾಯಿತು. ವಿಜ್ಞಾನಿಗಳು ಕಾಡಿನ ಹೆಸರಿಟ್ಟರು. ಜನ ಮಂಗ ಸಾಯುವುದನ್ನು ಕಂಡು ಮಂಗನ ಕಾಯಿಲೆ ಅಂದರು. ಇವತ್ತಿಗೂ ಕಾಡಿನಲ್ಲಿ ಮಂಗ ಸತ್ತಿದೆ ಅಂತ ಹಳ್ಳಿಯವರು ಹೇಳಿದ ಮೇಲೇ ಇಲಾಖೆ ಓಡುವುದು. ಮೊದಲು ನೋಡುವವರು ಅಲ್ಲಿರುವವರೇ.


ಕೆಳಗಿನ_ಗಲ್ಲಿ
ಮಂಗಳವಾರ, ಸಂಜೆ 6.40

ಮೇಡಂ, ನೀವು ಬಂದಿದ್ದು ನಮ್ಮ ಗಲ್ಲಿಗೇ. ಹಾಳೆ ಇಸಿದುಕೊಂಡಿದ್ದು ನಮ್ಮಮ್ಮ. ಓದಿ ಹೇಳಿದವನು ನಾನು. ಎಲ್ಲರದ್ದೂ ಅಮ್ಮನಿಗೆ ಓದಿ ಹೇಳಿದೆ. ಕೊಡದ ಲೆಕ್ಕಕ್ಕೆ ನಕ್ಕರು, "ಅದಕ್ಕೆ ಆ ಯಪ್ಪನಿಗೆ ಕೈಪಿಡಿ ಬೇಕಾಯ್ತಾ" ಅಂದರು. ಸಾರಿ ಸರ್.

ಆದರೆ ಒಂದು ಭಯ ಇದೆ. ನಿಮ್ಮ ಜೊತೆ ಬಂದ ಒಬ್ಬ ಅಣ್ಣ ಮೊಬೈಲಿನಲ್ಲಿ ಪ್ರತಿ ಮನೆ ಮುಂದೆ ನಿಂತು ಲೊಕೇಶನ್ ಹಾಕಿಕೊಳ್ಳುತ್ತಿದ್ದ. ನಮ್ಮಲ್ಲಿ ಎಲ್ಲರಿಗೂ ಹಕ್ಕುಪತ್ರ ಇಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮ ಮಾಡಿಕೊಡಿ ಅಂತ ಕೆಲವರು ಹಾಕಿದ 94ಸಿಸಿ ಅರ್ಜಿ ಹಾಗೇ ಇದೆ. ಹೊಳೆ ಪಕ್ಕ ಇಷ್ಟು ಮನೆ ಇವೆ ಅಂತ ನಕ್ಷೆ ಮಾಡಿ ನೀವು ಒಳ್ಳೆಯದಕ್ಕೇ ಕೊಡುತ್ತೀರಿ. ಅದನ್ನೇ ಹಿಡಿದುಕೊಂಡು ಜೆಸಿಬಿ ಬಂದರೆ? ನೀವು ಆಗ ಪರೀಕ್ಷೆ ಪೇಪರ್ ತಿದ್ದುತ್ತಿರುತ್ತೀರಿ.


ತುಂಗಾದಂಡೆ
ಮಂಗಳವಾರ, ರಾತ್ರಿ 10.05

ಇದಕ್ಕೆ ಉತ್ತರ ಬರೆದು ಎರಡು ಸಲ ಅಳಿಸಿದೆ. ನಕ್ಷೆಯ ಆಸೆ ನನ್ನದೇ. ಬಣ್ಣಬಣ್ಣದ ಚುಕ್ಕೆ ಇಟ್ಟರೆ ಸೆಮಿನಾರಿನಲ್ಲಿ ಚೆನ್ನಾಗಿ ಕಾಣುತ್ತದೆ ಅಂತ. ಆ ಲೊಕೇಶನ್ ಎಲ್ಲ ಇವತ್ತು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಅಳಿಸಿದೆ. ನಿನ್ನ ಕಣ್ಣೆದುರಿಗೇ ಇನ್ನೊಮ್ಮೆ ಫೋನ್ ತೋರಿಸುತ್ತಾರೆ.


ಮಲೆನಾಡ_ಮಾಸ್ತರು
ಬುಧವಾರ, ಬೆಳಿಗ್ಗೆ 6.20

ಹುಡುಗ ಕೇಳಿದ್ದು ಇಡೀ ಎಳೆಯಲ್ಲೇ ದೊಡ್ಡ ಪ್ರಶ್ನೆ. ಎಣಿಕೆಯಿಂದ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. 1985ರಲ್ಲಿ ಮುಂಬಯಿಯಲ್ಲಿ ಫುಟ್‌ಪಾತ್ ಮೇಲೆ ಇದ್ದವರನ್ನು ಎಬ್ಬಿಸುವ ಹೊತ್ತಿಗೆ ಸ್ಪಾರ್ಕ್ ಅನ್ನುವ ಸಂಸ್ಥೆ ಆ ಜನರ ಜೊತೆಯೇ ನಿಂತು ಸುಮಾರು 6,000 ಕುಟುಂಬಗಳನ್ನು ಎಣಿಸಿತು. ನಿನ್ನೆ ಮೊನ್ನೆ ಬಂದವರು, ಕೆಲಸ ಇಲ್ಲದವರು ಅನ್ನುತ್ತಿದ್ದರಲ್ಲ, ಲೆಕ್ಕ ನೋಡಿದರೆ ಬಹಳ ವರ್ಷದಿಂದ ಅಲ್ಲೇ ಇದ್ದು ದುಡಿಯುವವರು. ಅಲ್ಲಿ ಎಣಿಕೆ ಅವರ ಕೈಗೆ ಬಲ ಕೊಟ್ಟಿತು. ಎಣಿಸಿದ ಪುಸ್ತಕ ಬೇರೆಯವರ ಕೈಗೆ ಹೋಗಿದ್ದರೆ ಅದೇ ತೆರವಿನ ಪಟ್ಟಿ ಆಗುತ್ತಿತ್ತು.

ಆದ್ದರಿಂದ ಹೆಸರು, ಆಧಾರ್, ಫೋನ್ ನಂಬರ್ ಯಾವುದೂ ಬೇಡ. ಮನೆಗೆ ಒಂದು ನಂಬರ್ ಕೊಡಿ, ಯಾವ ನಂಬರ್ ಯಾರದು ಅನ್ನುವುದು ಗಲ್ಲಿಯವರಿಗೆ ಮಾತ್ರ ಗೊತ್ತಿರಲಿ. ಹೊರಗೆ ಹೋಗುವುದು ಒಟ್ಟು ಲೆಕ್ಕ. ಪತ್ರದ ವಿಷಯ ನೀವಾಗಿ ಕೇಳಬೇಡಿ. ಹಳೇ ಕರೆಂಟ್ ಬಿಲ್ಲು, ರೇಷನ್ ಕಾರ್ಡು ಜೋಪಾನವಾಗಿಡಿ ಅಂತ ಹೇಳಿ ಬನ್ನಿ, ಅದು ಅವರಿಗೆ ಬೇಕಾಗುತ್ತದೆ.


ಮಂಡಕ್ಕಿ_ಮಸಾಲೆ
ಬುಧವಾರ, ಬೆಳಿಗ್ಗೆ 9.12

ಜಾತಿ? ಅದೂ ಬೇಡ ಅಲ್ವಾ? ಸುಮ್ನೆ ಗಲಾಟೆ.


ಮಲೆನಾಡ_ಮಾಸ್ತರು
ಬುಧವಾರ, ಬೆಳಿಗ್ಗೆ 9.40

ಅದು ಬೇಕು ಮಾರಾಯ್ರೆ. ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾವನೂರು ಆಯೋಗ 1972ರಲ್ಲಿ ಕೆಲಸ ಶುರು ಮಾಡಿ 1975ರಲ್ಲಿ ವರದಿ ಕೊಟ್ಟಿತು. ಊರೂರು ಸುತ್ತಿ ಜಾತಿ ಕೇಳಿದ್ದರಿಂದಲೇ ಯಾರು ಶಾಲೆ ಮೆಟ್ಟಿಲು ಹತ್ತಿಲ್ಲ ಅನ್ನುವುದು ಕಾಗದಕ್ಕೆ ಬಂತು. ಕೈಯಲ್ಲಿ ಮಲ ಎತ್ತಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಕಟ್ಟಿಕೊಂಡ ಗುಂಡಿ ಹತ್ತಿರ ಮೊದಲು ಯಾರನ್ನು ಕರೆಯುತ್ತಾರೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಜಾತಿ ಬರೆಯದಿದ್ದರೆ ಅದು ಬರೀ "ಇತರೆ ಕೂಲಿ" ಆಗಿ ಹೋಗುತ್ತದೆ.


ಗುಲಾಬಿ_ಸೀರೆ
ಬುಧವಾರ, ಮಧ್ಯಾಹ್ನ 1.55

ಕೇಳಿ, ಆದರೆ ಕೊನೆಯಲ್ಲಿ. ಟೀ ಕೊಟ್ಟ ಮೇಲೆ. ಹೇಳದಿದ್ದರೆ ಖಾಲಿ ಬಿಡಿ. ಪಕ್ಕದ ಮನೆಯವರ ಎದುರಿಗಂತೂ ಕೇಳಲೇಬೇಡಿ.


ತುಂಗಾದಂಡೆ
ಬುಧವಾರ, ರಾತ್ರಿ 9.30

ಎರಡು ಪುಟದ ಪ್ರಶ್ನೆಪಟ್ಟಿ ಈಗ ಅರ್ಧ ಪುಟ ಆಗಿದೆ. ನೀರು ಬಂದ ಹೊತ್ತು, ನಿಂತ ಹೊತ್ತು, ಎಷ್ಟು ಕೊಡ, ಯಾರು ಹೊತ್ತರು, ಅದಕ್ಕಾಗಿ ಏನು ತಪ್ಪಿತು. ಇಲ್ಲಿ ಯಾರು ಮಲಗುತ್ತಾರೆ. ಕೆಲಸಕ್ಕೆ ಹೋಗಲು ಬಸ್ಸಿಗೆ ಎಷ್ಟು. ಹೊಳೆ ಬಂದಾಗ ಎಲ್ಲಿಯ ತನಕ ಬಂತು, ಏನು ಹೋಯಿತು. ಜಾತಿ ಕೊನೆಗೆ, ಗುಲಾಬಿ ಅಕ್ಕ ಹೇಳಿದ ಹಾಗೆ.

ನೀರು ಬಿಡುವ ವೇಳಾಪಟ್ಟಿ, ಆ ಪೈಪ್‌ಲೈನಿನ ನಕ್ಷೆ ಕೇಳಿ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇವೆ. 30 ದಿನದಲ್ಲಿ ಉತ್ತರ ಬರಬೇಕು. ಅಷ್ಟರಲ್ಲಿ ಗಲ್ಲಿಯ ಎರಡು ವಾರದ ಲೆಕ್ಕ ನಮ್ಮ ಕೈಯಲ್ಲಿರುತ್ತದೆ. ಅವರ ವೇಳಾಪಟ್ಟಿ, ಗಲ್ಲಿಯ ಲೆಕ್ಕದ ಪುಸ್ತಕ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಗೇಟು ಸರ್, ವಾಲ್ವ್‌ನವರ ಜೊತೆ ಟೀಗೆ ನೀವೂ ಬರಬೇಕು.

ಬರೆಯುವವರು ನನ್ನ ಮಕ್ಕಳಲ್ಲ. ಗಲ್ಲಿಯ ಹೈಸ್ಕೂಲ್ ಹುಡುಗಿಯರೇ ಬರೆಯಲಿ, ನಮ್ಮವರು ಕೂಡಿಸಲು ಸಹಾಯ ಮಾಡಲಿ ಅಂದುಕೊಂಡಿದ್ದೇನೆ. ಆದರೆ ಅದೂ ಅವರ ಮೇಲೆ ಇನ್ನೊಂದು ಕೆಲಸ ಹೊರಿಸಿದ ಹಾಗಾಗುತ್ತದಾ? ಪುಸ್ತಕ ಎಲ್ಲಿಡುವುದು?


ಗಾಜನೂರು_ಗೇಟು
ಗುರುವಾರ, ಬೆಳಿಗ್ಗೆ 7.00

ಟೀಗೆ ಬರುತ್ತೇನೆ. ಕೊಡ ಅಳೆಯಲು ನಮ್ಮ ಮನೆಯ ಹಾಲಿನ ಲೀಟರ್ ಮಾಪು ತರುತ್ತೇನೆ, ಎಲ್ಲ ಕೊಡವೂ 15 ಲೀಟರ್ ಇರಲ್ಲ. ಹುಡುಗನ ಅಮ್ಮನಿಗೆ ಹೇಳಿ, ಕೈಪಿಡಿ ಮನೆಯಲ್ಲೇ ಬಿಟ್ಟು ಬರುತ್ತೇನೆ ಅಂತ.


ಕೆಳಗಿನ_ಗಲ್ಲಿ
ಗುರುವಾರ, ರಾತ್ರಿ 8.45

ಅಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ.

"ಪುಸ್ತಕ ನಮ್ಮ ಮನೆಯಲ್ಲೇ ಇಡಿ. ಬರೆಯಕ್ಕೆ ನಮ್ಮ ಹುಡುಗಿ ಸಾಕು, ನಲ್ಲಿ ಹತ್ತಿರ ಹೆಂಗೂ ನಿಂತೇ ಇರ್ತಾಳೆ. ಶನಿವಾರ ಸಂಜೆ ಬನ್ನಿ, ಅವತ್ತು ಎಲ್ಲರೂ ಮನೇಲಿರ್ತಾರೆ. ಬರುವಾಗ ಪುಸ್ತಕಕ್ಕೆ ಪ್ಲಾಸ್ಟಿಕ್ ಕವರ್ ಹಾಕಿಸ್ಕೊಂಡು ಬನ್ನಿ. ನಮ್ಮನೆ ಸೋರುತ್ತೆ."